ಬಿಸಿ ಗಾಳಿ ಬೀಸುವ ಎ.ಸಿ.: ಒಂದು ಕಸುಬಿನ ಇತಿಹಾಸ

ವಾಹನದ ಎ.ಸಿ. ತಂಪು ಬಿಟ್ಟು ಬಿಸಿ ಗಾಳಿ ಬೀಸತೊಡಗಿದರೆ ಕಾರಣ ಹುಡುಕಿ ಸರಿಮಾಡಿಕೊಡುವ ಕಸುಬು ಕರ್ನಾಟಕದಲ್ಲಿ ಎರಡು ಮೂರು ತಲೆಮಾರಿಗಿಂತ ಹಳೆಯದಲ್ಲ. ಮೊದಲು ದೊಡ್ಡ ನಗರಗಳಲ್ಲಷ್ಟೇ ಇದ್ದ ಈ ಕೆಲಸ ತಾಲ್ಲೂಕು ಕೇಂದ್ರಗಳಿಗೆ ಬಂದಿದ್ದು, ಆಮೇಲೆ ಹೋಬಳಿ ಮಟ್ಟದ ಊರುಗಳ ರಸ್ತೆಬದಿಗೆ ಇಳಿದಿದ್ದು ಕಣ್ಣೆದುರಿನ ಕಾಲದಲ್ಲೇ. ಈ ಅವಧಿಯಲ್ಲಿ ಯಂತ್ರದ ಒಳಗಿನ ಗ್ಯಾಸು ಒಂದು ಸಲ ಬದಲಾಗಿದೆ, ಎರಡನೆಯ ಬದಲಾವಣೆ ಶುರುವಾಗಿದೆ. ಗ್ಯಾಸಿನ ಜೊತೆಗೆ ದೋಷ ಹುಡುಕುವ ರೀತಿಯೂ ಬದಲಾಗಿದೆ. ಬದಲಾಗದೆ ಉಳಿದಿರುವುದು ಗಿರಾಕಿಯ ಒಂದು ಮಾತು: ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿಬಿಡಿ.’

ಈ ಕಸುಬು ಹಳ್ಳಿಯ ಕಡೆಗೆ ಹರಿದು ಬಂದ ಬಗೆಯನ್ನು ನೋಡಲು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಒಳ್ಳೆಯ ಜಾಗ. ಹೋಬಳಿ ಕೇಂದ್ರವಾದ ಈ ಊರಿಗೆ ಪಶ್ಚಿಮದಲ್ಲಿ ವಿಜಯಪುರ, ದೇವನಹಳ್ಳಿ, ದಕ್ಷಿಣದಲ್ಲಿ ಹೊಸಕೋಟೆ, ಉತ್ತರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಶಿಡ್ಲಘಟ್ಟ, ಆಚೆಗೆ ಟೊಮೆಟೊ ಲಾರಿಗಳ ಚಿಂತಾಮಣಿ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಬಯಲುಸೀಮೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವಿರುವುದರಿಂದ ರಾತ್ರಿ ತಂಪು. ಆದರೆ ಮಾರ್ಚಿಯಿಂದ ಮೇವರೆಗೆ ಹಗಲಿನ ಬಿಸಿಲು, ಅದರ ಜೊತೆಗೆ ಮಣ್ಣಿನ ಧೂಳು. ವಾಹನದ ಎ.ಸಿ.ಗೆ ಬಿಸಿಲಿಗಿಂತ ಈ ಧೂಳೇ ದೊಡ್ಡ ಶತ್ರು.

ತಂಪನ್ನು ಕಾಪಾಡಿಕೊಂಡು ಸಾಗಿಸುವುದು ಈ ಭಾಗದ ಜನಕ್ಕೆ ಹೊಸ ವಿಚಾರವಲ್ಲ. ರೇಷ್ಮೆ ಮೊಟ್ಟೆಯನ್ನೂ ಚಾಕಿ ಹುಳುವನ್ನೂ ಮಧ್ಯಾಹ್ನ ಸಾಗಿಸಬಾರದು, ಹೊತ್ತು ಏರುವುದರೊಳಗೆ ಅಥವಾ ಸಂಜೆ ತಂಪಾದ ಮೇಲೆ ತರಬೇಕು ಎಂಬುದು ಹುಳು ಸಾಕುವ ಪ್ರತಿ ಮನೆಗೂ ಗೊತ್ತು. ಹುಳುಮನೆಯಲ್ಲಿ ಉಷ್ಣಾಂಶ 24ರಿಂದ 28 ಡಿಗ್ರಿಯೊಳಗೆ ನಿಲ್ಲಬೇಕೆಂದು ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವ ಪದ್ಧತಿಯೂ ಹಳೆಯದೇ. ಅಲ್ಲಿ ಕೆಲಸ ಮಾಡುವುದು ನೀರು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರುವ ಗುಣ. ರೈಲಿನ ಮೊದಲ ದರ್ಜೆಯ ಡಬ್ಬಿಗಳಿಗೆ ಹಿಂದೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಇದೇ ತತ್ವದ ಮೇಲೆ. 1934ರಲ್ಲಿ ಬೊಂಬಾಯಿ–ಪೆಶಾವರ ನಡುವಿನ ಫ್ರಾಂಟಿಯರ್ ಮೇಲ್ ರೈಲಿನ ಡಬ್ಬಿಗಳಲ್ಲಿ ಮಂಜುಗಡ್ಡೆಯ ದಿಮ್ಮಿಗಳನ್ನಿಟ್ಟು, ಅವುಗಳ ಮೇಲಿಂದ ಗಾಳಿ ಹಾಯಿಸಿ ತಂಪು ಕೊಟ್ಟರು. ಗಡ್ಡೆ ಕರಗಿದರೆ ದಾರಿಯ ನಿಲ್ದಾಣದಲ್ಲಿ ಹೊಸದು ತುಂಬುತ್ತಿದ್ದರು. ತಂಪು ಎಂದರೆ ಖರ್ಚಾಗುವ, ಆಗಾಗ ತುಂಬಿಸಬೇಕಾದ ಸರಕು ಎಂಬ ಭಾವನೆ ಆ ಕಾಲಕ್ಕೆ ಸರಿಯೇ ಆಗಿತ್ತು. ಕಾರಿನ ಎ.ಸಿ.ಯ ವಿಷಯದಲ್ಲಿ ಅದೇ ಭಾವನೆ ತಪ್ಪು. ಈ ಕಸುಬಿನ ಅರ್ಧ ತೊಂದರೆ ಅಲ್ಲಿಂದಲೇ ಶುರು.

ಕಾರಿನ ಎ.ಸಿ.ಯಲ್ಲಿ ಆವಿಯಾಗುವುದು ನೀರಲ್ಲ, ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವ ಗ್ಯಾಸು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತುತ್ತದೆ. ಒತ್ತಿದ ಗ್ಯಾಸು ಬಿಸಿಯಾಗುತ್ತದೆ. ಮುಂದುಗಡೆ ಜಾಲರಿಯ ಹಿಂದಿರುವ ಕಂಡೆನ್ಸರ್ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಗ್ಯಾಸನ್ನು ದ್ರವ ಮಾಡುತ್ತದೆ. ಡ್ರೈಯರ್ ಬಾಟಲಿಯಲ್ಲಿ ತೇವ ಹೀರಿಸಿಕೊಂಡ ದ್ರವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರುಗಂಡಿಯಿಂದ ಚಿಮ್ಮಿ, ಡ್ಯಾಶ್‌ಬೋರ್ಡಿನ ಕೆಳಗಿನ ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತದೆ. ಬ್ಲೋವರ್ ಊದುವ ಗಾಳಿಯ ಬಿಸಿಯನ್ನು ಅದು ಅಲ್ಲಿ ಹೀರಿಕೊಂಡು ಕಂಪ್ರೆಸರಿಗೆ ಮರಳುತ್ತದೆ. ಈ ಸುತ್ತಿನಲ್ಲಿ ಗ್ಯಾಸು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಇಂಥ ಯಂತ್ರ ಕಾರಿನೊಳಗೆ ಕೂರಬೇಕಾದರೆ ಮೊದಲು ಜನರ ಪಕ್ಕದಲ್ಲಿ ಇರಿಸಬಹುದಾದ ಗ್ಯಾಸು ಬೇಕಿತ್ತು. ಅದಕ್ಕೆ ಮುಂಚೆ ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ಅಮೋನಿಯ, ಸಲ್ಫರ್ ಡೈಆಕ್ಸೈಡ್‌ಗಳು ಉಸಿರುಕಟ್ಟಿಸುವಂಥವು. ಅಮೆರಿಕದ ಥಾಮಸ್ ಮಿಡ್ಗ್ಲೆ ಮತ್ತು ಅವರ ಜೊತೆಗಾರರು ಆರ್-12 ಎಂದು ಹೆಸರಾದ ಕ್ಲೋರೋಫ್ಲೋರೋಕಾರ್ಬನ್ (ಸಿ.ಎಫ್.ಸಿ.) ಗ್ಯಾಸನ್ನು ರೂಪಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಡ್ಗ್ಲೆ ಅದನ್ನು ಎದೆತುಂಬ ಎಳೆದುಕೊಂಡು, ಹೊರಗೆ ಊದಿ, ಉರಿಯುವ ಮೇಣದಬತ್ತಿ ಆರಿಸಿ ತೋರಿಸಿದರು: ವಿಷವಲ್ಲ, ಬೆಂಕಿ ಹತ್ತುವುದಿಲ್ಲ. 1939ರಲ್ಲಿ ಪ್ಯಾಕರ್ಡ್ ಕಂಪನಿ ಕಾರ್ಖಾನೆಯಲ್ಲೇ ಎ.ಸಿ. ಕೂಡಿಸಿದ ಕಾರನ್ನು ಪ್ರದರ್ಶಿಸಿತು. ಅದರ ಯಂತ್ರ ಡಿಕ್ಕಿಯ ಬಹುಪಾಲು ಜಾಗವನ್ನು ನುಂಗಿತ್ತು, ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಚಳಿಯಾದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು! 1954ರಲ್ಲಿ ನ್ಯಾಶ್ ಕಂಪನಿ ಇಡೀ ವ್ಯವಸ್ಥೆಯನ್ನು ಬಾನೆಟ್ಟಿನಡಿಗೂ ಡ್ಯಾಶ್‌ಬೋರ್ಡಿಗೂ ತಂದು, ವಿದ್ಯುತ್ತಿನಿಂದ ಹಿಡಿದು ಬಿಡುವ ಮ್ಯಾಗ್ನೆಟಿಕ್ ಕ್ಲಚ್ ಇಟ್ಟಿತು. ಇಂದಿನ ಕಾರಿನ ಎ.ಸಿ. ರೂಪ ಪಡೆದಿದ್ದು ಅಲ್ಲಿಂದ.

ಭಾರತದಲ್ಲಿ ಇದು ಬಹುಕಾಲ ಸಾಹೇಬರ, ಸಿನಿಮಾದವರ ಸೊತ್ತು. ಅಂಬಾಸಿಡರಿಗೂ ಪ್ರೀಮಿಯರ್ ಪದ್ಮಿನಿಗೂ ಎ.ಸಿ. ಬೇಕೆಂದವರು ಹೊರಗಿನ ಅಂಗಡಿಯಲ್ಲಿ ಕಿಟ್ ಕೂಡಿಸಿಕೊಳ್ಳುತ್ತಿದ್ದರು. ಡ್ಯಾಶ್‌ಬೋರ್ಡಿನ ಕೆಳಗೆ ಕಾಲಿಗೆ ತಾಗುವಂತೆ ನೇತಾಡುವ ಒಂದು ಪೆಟ್ಟಿಗೆ, ಅದಕ್ಕೆ ಎರಡು ಗುಂಡಿ. ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕ ಕಬ್ಬಿಣದ ಬ್ರಾಕೆಟ್ಟಿನ ಮೇಲೆ ಕುಳಿತ ಭಾರಿ ಕಂಪ್ರೆಸರ್. ಬೆಂಗಳೂರಿನಲ್ಲಿ ವಾಹನದ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯ ಭಾಗಕ್ಕೆ ಶಿವಾಜಿನಗರದ ಗುಜರಿ ಎಂದು ಹೆಸರು. ಜಂಗಮಕೋಟೆ ಕಡೆಯ ಸಾಮಾನ್ಯ ಜನಕ್ಕೆ ಆ ಕಾಲದಲ್ಲಿ ಎ.ಸಿ. ವಾಹನ ಎಂದರೆ ಕಿಟಕಿ ಗಾಜು ಏರಿಸಿಕೊಂಡು ಹೋಗುವ ಸರ್ಕಾರಿ ಕಾರು, ಅಷ್ಟೇ.

ಆರ್-12ರ ಕಾಲದ ರಿಪೇರಿಗಾರ ಕಣ್ಣು, ಕಿವಿ, ಅಂಗೈಗಳನ್ನು ನೆಚ್ಚಿದವನು. ಗ್ಯಾರೇಜಿನ ಹುಡುಗರಿಗೆ ಅವನು ‘ಉಸ್ತಾದ್’. ಎಂಜಿನ್ ಚಾಲೂ ಮಾಡಿಸಿ ಬಾನೆಟ್ಟಿನಡಿಯ ಎರಡು ಪೈಪುಗಳನ್ನು ಮುಟ್ಟಿ ನೋಡುವುದು ಮೊದಲ ಪರೀಕ್ಷೆ. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪು ಕೈ ಸುಡಬೇಕು. ಒಳಗಿನಿಂದ ಹಿಂದಿರುಗುವ ದಪ್ಪ ಪೈಪು ತಣ್ಣಗಾಗಿ ಬೆವರಬೇಕು. ಎರಡೂ ಒಂದೇ ಹದದಲ್ಲಿದ್ದರೆ ಗ್ಯಾಸು ಸುತ್ತುತ್ತಿಲ್ಲ, ಇಲ್ಲವೇ ಕಂಪ್ರೆಸರ್ ಒತ್ತುತ್ತಿಲ್ಲ. ಡ್ರೈಯರ್ ಬಾಟಲಿಯ ತಲೆಯ ಮೇಲೆ ಗುಂಡಿಯಷ್ಟಗಲದ ಗಾಜು ಇರುತ್ತಿತ್ತು. ಅದರಲ್ಲಿ ನೊರೆ ಓಡುತ್ತಿದ್ದರೆ ಗ್ಯಾಸು ಕಡಿಮೆ, ತಿಳಿಯಾಗಿದ್ದರೆ ಸಾಕಷ್ಟಿದೆ. ಸೋರಿಕೆ ಹುಡುಕಲು ಸೋಪಿನ ನೊರೆ ಹಚ್ಚುವರು. ಸೂಕ್ಷ್ಮ ಸೋರಿಕೆಗೆ ಹ್ಯಾಲೈಡ್ ಟಾರ್ಚ್ ಎಂಬ ಸಣ್ಣ ದೀಪ. ಅದರ ಜ್ವಾಲೆ ತಾಮ್ರದ ತಗಡನ್ನು ಕಾಯಿಸುತ್ತಿರುತ್ತದೆ, ಕೆಳಗಿನ ರಬ್ಬರ್ ಕೊಳವೆಯ ತುದಿಯನ್ನು ಪೈಪಿನ ಜೋಡಣೆಗಳ ಮೇಲೆ ನಿಧಾನವಾಗಿ ಆಡಿಸುತ್ತ ಹೋಗುವುದು. ಸೋರುವ ಜಾಗ ಸಿಕ್ಕಿದೊಡನೆ ನೀಲಿ ಜ್ವಾಲೆ ಹಸಿರಾಗುತ್ತದೆ. ನೋಡಲು ಚೆಂದದ ಪರೀಕ್ಷೆ. ಆದರೆ ಆ ಗ್ಯಾಸು ಬೆಂಕಿಗೆ ತಾಗಿದಾಗ ಫಾಸ್ಜೀನ್ ಎಂಬ ವಿಷ ಹುಟ್ಟುತ್ತದೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ದಿನವಿಡೀ ಇದನ್ನು ಮಾಡಿದವರ ಪುಪ್ಪುಸದ ಬಗ್ಗೆ ಯಾರೂ ಲೆಕ್ಕ ಇಡಲಿಲ್ಲ.

ಗ್ಯಾಸು ದೇಶದಲ್ಲೇ ತಯಾರಾಗುತ್ತಿತ್ತು. 1967ರಲ್ಲಿ ಶುರುವಾದ ನವೀನ್ ಫ್ಲೋರಿನ್ ಕಂಪನಿಯ ‘ಮಾಫ್ರಾನ್’, ಆಮೇಲೆ ಎಸ್.ಆರ್.ಎಫ್. ಕಂಪನಿಯ ‘ಫ್ಲೋರಾನ್’ ಹೆಸರುಗಳು ಗ್ಯಾರೇಜುಗಳಲ್ಲಿ ಗ್ಯಾಸಿಗೆ ಪರ್ಯಾಯ ಪದಗಳೇ ಆಗಿದ್ದವು. ಸೋರಿಕೆ ಹುಡುಕಿ ಜೋಡಣೆ ಬಿಚ್ಚಿ ಕಟ್ಟುವುದಕ್ಕಿಂತ ಇದ್ದುದರ ಮೇಲೆ ಒಂದಿಷ್ಟು ಸೇರಿಸಿ ಕಳುಹಿಸುವುದು ಸುಲಭ. ಗಿರಾಕಿಗೂ ಅವತ್ತಿಗೆ ತೃಪ್ತಿ. ಕಂಪ್ರೆಸರ್ ಬಿಚ್ಚಬೇಕಾದಾಗ ಉಳಿದ ಗ್ಯಾಸನ್ನು ಗಾಳಿಗೆ ಬಿಡುತ್ತಿದ್ದರು. ಅದು ವಿಷವಲ್ಲವಲ್ಲ, ಬಿಟ್ಟರೇನು ಎಂದು ಇಡೀ ಜಗತ್ತೇ ನಂಬಿದ್ದ ಕಾಲ ಅದು. ‘ತುಂಬಿಸಿಬಿಡಿ’ ಎಂಬ ಮಾತು ಬೇರು ಬಿಟ್ಟಿದ್ದು ಈ ಅಗ್ಗದ ದಿನಗಳಲ್ಲಿ.

ಕಿಟ್ಟಿನ ಕಾಲ ಮುಗಿಯುವ ಸೂಚನೆ ಕೊಟ್ಟಿದ್ದು ಮಾರುತಿ. 1983ರಲ್ಲಿ ಮಾರುತಿ 800 ರಸ್ತೆಗೆ ಬಂತು. 1985ರಲ್ಲಿ ಜಪಾನಿನ ಡೆನ್ಸೊ ಮತ್ತು ಸುಜುಕಿ ಜೊತೆಗೂಡಿ ಸ್ಥಾಪನೆಯಾದ ಸುಬ್ರೋಸ್ ಕಂಪನಿ ಕಾರಿಗೇ ಅಳತೆ ಮಾಡಿದ ಎ.ಸಿ. ಭಾಗಗಳನ್ನು ಇಲ್ಲಿ ತಯಾರಿಸತೊಡಗಿತು. ತೊಂಬತ್ತರ ದಶಕದ ಉದಾರೀಕರಣದ ನಂತರ ಬಂದ ಕಾರುಗಳಲ್ಲಿ ಎ.ಸಿ. ಕಾರ್ಖಾನೆಯಿಂದಲೇ ಬರುವುದು ರೂಢಿಯಾಯಿತು. ಹಗುರವಾದ ಅಲ್ಯೂಮಿನಿಯಂ ಕಂಡೆನ್ಸರು, ಸಣ್ಣ ಕಂಪ್ರೆಸರು, ಕಡಿಮೆ ಗ್ಯಾಸು. ರಿಪೇರಿಗಾರನಿಗೆ ಇದರಿಂದ ಒಂದು ಅನನುಕೂಲವೂ ಆಯಿತು. ಅಂಬಾಸಿಡರಿನ ಪೆಟ್ಟಿಗೆಯನ್ನು ನಾಲ್ಕು ಬೋಲ್ಟ್ ಬಿಚ್ಚಿ ಇಳಿಸಬಹುದಿತ್ತು. ಹೊಸ ಕಾರಿನ ಕೂಲಿಂಗ್ ಕಾಯಿಲ್ ತೆಗೆಯಬೇಕಾದರೆ ಡ್ಯಾಶ್‌ಬೋರ್ಡನ್ನೇ ಕಳಚುವ ಪ್ರಸಂಗ ಬರುತ್ತದೆ. ದೋಷ ಯಾವುದೆಂದು ಖಾತ್ರಿಯಾಗದೆ ಕೈಹಾಕಿದರೆ ಒಂದು ದಿನದ ಕೂಲಿ ಹೋದಂತೆ.

ಅಷ್ಟರಲ್ಲಿ ಆರ್-12ರ ಆಯುಷ್ಯ ತೀರುತ್ತ ಬಂದಿತ್ತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಈ ಜಾತಿಯ ಗ್ಯಾಸು ಮೇಲಿನ ವಾಯುಮಂಡಲ ಸೇರಿ, ಅಲ್ಲಿ ಒಡೆದು, ಅದರ ಕ್ಲೋರಿನ್ ಓಜೋನನ್ನು ತಿನ್ನುತ್ತದೆ ಎಂದು ತೋರಿಸಿದರು. 1985ರಲ್ಲಿ ಅಂಟಾರ್ಕ್‌ಟಿಕದ ಮೇಲೆ ಓಜೋನ್ ಪದರ ತೆಳುವಾಗಿರುವುದು ಬೆಳಕಿಗೆ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ; 1992ರಲ್ಲಿ ಭಾರತವೂ ಅದಕ್ಕೆ ಸೇರಿತು. 2000ದಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ 2003ರ ಜನವರಿಯಿಂದ ಹೊಸ ಯಂತ್ರಗಳಲ್ಲಿ ಸಿ.ಎಫ್.ಸಿ. ಬಳಸುವಂತಿರಲಿಲ್ಲ. 2008ರ ಆಗಸ್ಟಿನಲ್ಲಿ, ಆಸ್ತಮಾದ ಇನ್ಹೇಲರಿನಂಥ ಔಷಧ ಬಳಕೆಯನ್ನು ಬಿಟ್ಟು, ದೇಶ ಸಿ.ಎಫ್.ಸಿ. ತಯಾರಿಕೆಯನ್ನು ಗಡುವಿಗೆ 17 ತಿಂಗಳು ಮುಂಚೆಯೇ ನಿಲ್ಲಿಸಿತು. ಕಾರುಗಳಿಗೆ ಬಂದ ಹೊಸ ಗ್ಯಾಸು ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲ.

ಮೇಲ್ನೋಟಕ್ಕೆ ಇದು ಸಿಲಿಂಡರ್ ಬದಲಾಯಿಸಿದಷ್ಟು ಸರಳ. ಗ್ಯಾರೇಜಿನಲ್ಲಿ ಆದದ್ದು ಬೇರೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನೊಂದಿಗೆ ಬೆರೆತು ಸುತ್ತಬೇಕು. ಆರ್-12ರ ಜೊತೆ ಹೊಂದುತ್ತಿದ್ದ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ. ಹೊಸದಕ್ಕೆ ಪಿ.ಎ.ಜಿ. ಎಂಬ ಬೇರೆ ಎಣ್ಣೆ ಬೇಕು. ಡಬ್ಬಿ ತೆರೆದಿಟ್ಟರೆ ಅದು ಗಾಳಿಯ ತೇವವನ್ನು ಕುಡಿದುಬಿಡುತ್ತದೆ. ಹಳೆಯ ರಬ್ಬರ್ ಹೋಸಿನಿಂದ ಹೊಸ ಗ್ಯಾಸು ಜಿನುಗುತ್ತದೆ, ಹಳೆಯ ಓ-ರಿಂಗು ಇದಕ್ಕೆ ಒಗ್ಗುವುದಿಲ್ಲ. ತಪ್ಪಿ ಒಂದರ ಬದಲು ಇನ್ನೊಂದು ಹಾಕಬಾರದೆಂದು ಗ್ಯಾಸು ತುಂಬುವ ಬಾಯಿಯ ಜೋಡಣೆಯನ್ನೇ ಬೇರೆ ಮಾಡಿದರು: ಆರ್-12ಕ್ಕೆ ಮರೆಯಿಂದ ತಿರುಗಿಸಿ ಕೂರಿಸುವುದು, ಆರ್-134ಎಗೆ ಒತ್ತಿ ಸಿಕ್ಕಿಸುವುದು. ಅದಕ್ಕೂ ಅಡಾಪ್ಟರ್ ಸಿಕ್ಕಿತು. ಹಳೆಯ ಎಣ್ಣೆಯ ಮೇಲೆ ಹೊಸ ಗ್ಯಾಸು ತುಂಬಿದ ಕಾರುಗಳೂ ಇದ್ದವು. ಮೊದಲ ವಾರ ತಂಪು, ಆಮೇಲೆ ಎಣ್ಣೆ ಕಾಣದ ಕಂಪ್ರೆಸರ್ ಕಿರುಗುಟ್ಟಿ ಕಚ್ಚಿಕೊಳ್ಳುವುದು, ಅದರ ಲೋಹದ ಪುಡಿ ಕಂಡೆನ್ಸರಿನ ಸಣ್ಣ ನಾಳಗಳಲ್ಲಿ ಹೂಳುವುದು. ಉಸ್ತಾದನ ಹಳೆಯ ಗುರುತುಗಳೂ ಕೈಕೊಟ್ಟವು. ಡ್ರೈಯರ್ ಬಾಟಲಿಯ ಗಾಜಿನಲ್ಲಿ ನೊರೆ ಪೂರ್ತಿ ಹೋಗುವವರೆಗೆ ಆರ್-134ಎ ತುಂಬಿದರೆ ಗ್ಯಾಸು ಹೆಚ್ಚಾಗಿ ತಂಪು ಇನ್ನೂ ಕುಗ್ಗುತ್ತದೆ. ಗ್ಯಾಸನ್ನು ತೂಗಿ ತುಂಬುವುದು ಅನಿವಾರ್ಯವಾಯಿತು. ಸಣ್ಣ ಕಾರಿಗೆ ಬೇಕಾಗುವುದು ಅರ್ಧ ಕಿಲೋ ಅಥವಾ ಅದಕ್ಕಿಂತ ಕಡಿಮೆ. ಎಷ್ಟು ಗ್ರಾಂ ಎಂದು ಬಾನೆಟ್ಟಿನ ಒಳಮೈಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಆ ಚೀಟಿಯನ್ನು ಓದುವವನೇ ಹೊಸ ಕಾಲದ ಮೆಕ್ಯಾನಿಕ್.

ಸಿ.ಎಫ್.ಸಿ. ನಿಲ್ಲಿಸುವ ರಾಷ್ಟ್ರೀಯ ಯೋಜನೆಯಡಿ ಸಾವಿರಾರು ರಿಪೇರಿಗಾರರಿಗೆ ತರಬೇತಿ ಕೊಟ್ಟರು, ಐ.ಟಿ.ಐ.ಗಳ ಶೈತ್ಯಯಂತ್ರ ಮೆಕ್ಯಾನಿಕ್ ಕೋರ್ಸಿನಿಂದಲೂ ಹುಡುಗರು ಹೊರಬಂದರು. ಆದರೂ ಕಸುಬು ಕಲಿತದ್ದು ಹೆಚ್ಚಾಗಿ ಗ್ಯಾರೇಜಿನ ನೆಲದ ಮೇಲೆಯೇ. ವಾಹನದ ಎ.ಸಿ.ಗೆ ಶೈತ್ಯವೂ ಗೊತ್ತಿರಬೇಕು, ಎಂಜಿನ್ನೂ ಗೊತ್ತಿರಬೇಕು, ವೈರಿಂಗೂ ಗೊತ್ತಿರಬೇಕು. ಮೂರನ್ನೂ ಒಂದೇ ಕಡೆ ಕಲಿಸುವ ಶಾಲೆ ಗ್ಯಾರೇಜಲ್ಲದೆ ಬೇರೆ ಇರಲಿಲ್ಲ.

ಈ ಕಸುಬನ್ನು ಬೆಂಗಳೂರಿನಿಂದ ಈಶಾನ್ಯಕ್ಕೆ ಎಳೆದು ತಂದದ್ದು ಎರಡು ಬೆಳವಣಿಗೆ. ಒಂದು ಹೊಸಕೋಟೆಯ ವೋಲ್ವೊ ಕಾರ್ಖಾನೆ. 1998ರಲ್ಲಿ ಅಲ್ಲಿಂದ ಎ.ಸಿ. ಕ್ಯಾಬಿನ್ನಿನ ಲಾರಿಗಳು ಹೊರಟವು; 2001ರಿಂದ ಬಸ್ಸುಗಳು. ಕೆ.ಎಸ್.ಆರ್.ಟಿ.ಸಿ.ಯ ಐರಾವತ, ಬಿ.ಎಂ.ಟಿ.ಸಿ.ಯ ವಜ್ರ ಇವೇ. ಬಸ್ಸಿನ ಎ.ಸಿ. ಛಾವಣಿಯ ಮೇಲೆ ಕುಳಿತಿರುತ್ತದೆ. ಗ್ಯಾಸು ಕಿಲೋ ಲೆಕ್ಕದಲ್ಲಿ, ಪೈಪುಗಳು ಬಸ್ಸಿನುದ್ದಕ್ಕೂ. ಅಲ್ಲಿ ಸೋರಿಕೆ ಹುಡುಕುವುದು ಕಾರಿನ ಕೆಲಸದಂತಲ್ಲ. ಇನ್ನೊಂದು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ತೆರೆದ ವಿಮಾನ ನಿಲ್ದಾಣ. ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟ ಸುತ್ತಿನ ಎಷ್ಟೋ ಮನೆಗಳ ಹುಡುಗರು ಹುಳುಮನೆ, ಹಿಪ್ಪುನೇರಳೆ ತೋಟ ಬಿಟ್ಟು ಇಂಡಿಕಾ, ಇನ್ನೋವಾ, ಡಿಜೈರ್‌ಗಳ ಚಕ್ರ ಹಿಡಿದರು. ವಿಮಾನ ಇಳಿದು ಬರುವ ಪ್ರಯಾಣಿಕನಿಗೆ ಎ.ಸಿ. ಬೇಕೇ ಬೇಕು. ಕ್ಯಾಬಿನ ಎ.ಸಿ. ಕೆಟ್ಟರೆ ಆ ದಿನದ ದುಡಿಮೆಯೇ ಕೆಟ್ಟಂತೆ. ಜೆ.ಸಿ. ರಸ್ತೆಗೆ ಹೋಗಿ ಒಂದು ದಿನ ಕಳೆಯುವುದಕ್ಕಿಂತ ಊರ ದಾರಿಯಲ್ಲೇ ನೋಡಿಸಿಕೊಳ್ಳುವುದು ಅಗತ್ಯವಾಯಿತು. ಗೇಜು, ವ್ಯಾಕ್ಯೂಮ್ ಪಂಪು ಇಟ್ಟುಕೊಂಡ ಅಂಗಡಿಗಳು ಹೆದ್ದಾರಿಯಂಚಿಗೆ ಬಂದವು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದ ತೀರ್ಪು ಸಹ ಈ ಅಂಗಡಿಗಳಿಗೆ ಕೆಲಸ ತಂದಿತು: ಫಿಲ್ಮ್ ಕಿತ್ತ ಕಾರಿನೊಳಗೆ ಬಿಸಿಲು ನೇರ ಬಿದ್ದಾಗ, ಅದುವರೆಗೆ ಹೇಗೋ ಸಾಲುತ್ತಿದ್ದ ಎ.ಸಿ.ಯ ದೌರ್ಬಲ್ಯ ಬಯಲಾಯಿತು.

ಈ ಕಾಲಕ್ಕೆ ದೋಷ ಹುಡುಕುವುದಕ್ಕೆ ಒಂದು ಕ್ರಮ ನೆಲೆಗೊಂಡಿತು. ಮೊದಲನೆಯದು ಪ್ರಶ್ನೆ: ಬಿಸಿ ಗಾಳಿ ಯಾವಾಗ? ಓಡುವಾಗ ತಂಪಾಗಿದ್ದು ವಿಮಾನ ನಿಲ್ದಾಣದ ದಾರಿಯ ಸಾದಹಳ್ಳಿ ಟೋಲಿನ ಸಾಲಿನಲ್ಲಿ ನಿಂತಾಗ ಬಿಸಿಯಾದರೆ ಅನುಮಾನ ಮುಂದಿನ ಫ್ಯಾನಿನ ಮೇಲೆ, ಇಲ್ಲವೇ ಕಂಡೆನ್ಸರಿಗೆ ಮೆತ್ತಿದ ಧೂಳಿನ ಮೇಲೆ. ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ, ನಿಂತಾಗ ಫ್ಯಾನೊಂದೇ ದಿಕ್ಕು. ಇದಕ್ಕೆ ಗೇಜೂ ಬೇಡ. ಕಂಡೆನ್ಸರ್ ಮೇಲೆ ಒಂದು ಬಕೆಟ್ ನೀರು ಎರಚಿದಾಗ ಒಳಗೆ ತಂಪು ಮರಳಿದರೆ ಗ್ಯಾಸಿನಲ್ಲಿ ದೋಷವಿಲ್ಲವೆಂದು ತಿಳಿಯುತ್ತದೆ. ಕ್ವಾರಿ ಲಾರಿಗಳ ಹಿಂದೆ ಓಡಾಡುವ ಬಯಲುಸೀಮೆಯ ವಾಹನಗಳಲ್ಲಿ ಈ ಧೂಳಿನ ದೋಷ ಅತಿ ಸಾಮಾನ್ಯ. ಹೊರಟಾಗ ತಂಪಾಗಿದ್ದು, ಅರ್ಧ ಗಂಟೆಗೆ ಬಿಸಿಯಾಗಿ, ನಿಲ್ಲಿಸಿ ಹೊರಟರೆ ಮತ್ತೆ ತಂಪಾಗುವುದು ಬೇರೆ ಕಾಯಿಲೆ: ಒಳಗೆ ತೇವ ಸೇರಿ ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಲ್ಲಿ ಮಂಜಾಗಿ ಕಟ್ಟಿಕೊಳ್ಳುತ್ತಿದೆ, ಅಥವಾ ಕೂಲಿಂಗ್ ಕಾಯಿಲೇ ಹೆಪ್ಪುಗಟ್ಟುತ್ತಿದೆ.

ಎರಡನೆಯದು ಗಾಳಿಯ ದಾರಿ. ಗಾಳಿ ತಣ್ಣಗಿದ್ದೂ ಮಂದವಾಗಿ ಬಂದರೆ ಗ್ಯಾಸಿನ ಮಾತೇ ಇಲ್ಲ. ಕ್ಯಾಬಿನ್ ಫಿಲ್ಟರ್ ತೆಗೆದು ನೋಡಬೇಕು. ಈ ಕಡೆ ಕಾರು ನಿಲ್ಲಿಸುವುದು ಹೊಂಗೆಮರದ ನೆರಳಿನಲ್ಲಿ. ಹೊಂಗೆ ಹೂ ಬಿಡುವುದು ಬಿಸಿಲು ಕಾಯುವ ದಿನಗಳಲ್ಲೇ. ಕಾಳಿನಷ್ಟು ಸಣ್ಣ ಹೂಗಳು ಮುಂಗಾಜಿನ ಬುಡದ ಜಾಲರಿಯಿಂದ ಇಳಿದು, ಬ್ಲೋವರಿನ ಬಾಯಲ್ಲಿ ಒಣಗಿ, ಕಂದು ಹೊಟ್ಟಾಗಿ ಕೂಡುತ್ತವೆ. ಫಿಲ್ಟರ್ ಎಳೆದರೆ ಹೂವಿನ ಹೊಟ್ಟು, ಅದರಡಿ ಧೂಳಿನ ಕಂಬಳಿ, ಕೆಲವೊಮ್ಮೆ ಇಲಿ ಕೂಡಿಟ್ಟ ಕಡಲೆಕಾಯಿ ಸಿಪ್ಪೆ. ಕೊಟ್ಟಿಗೆಯ ಪಕ್ಕ, ಮೇವಿನ ಬಣವೆಯ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿ ಕಂಪ್ರೆಸರ್ ಕ್ಲಚ್ಚಿನ ವೈರು ಕಡಿಯುವುದೂ ಉಂಟು. ಆಗಲೂ ಕಾರಿನೊಳಗೆ ಕೂತವನಿಗೆ ಕಾಣುವುದು ಒಂದೇ ಲಕ್ಷಣ, ಬಿಸಿ ಗಾಳಿ.

ಮೂರನೆಯದು ಕ್ಲಚ್. ಎ.ಸಿ. ಗುಂಡಿ ಒತ್ತಿದಾಗ ‘ಟಕ್’ ಎಂದು ಕಂಪ್ರೆಸರಿನ ಮುಂದಿನ ತಟ್ಟೆ ಹಿಡಿದುಕೊಂಡು ತಿರುಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ವೈರು, ಪ್ರೆಶರ್ ಸ್ವಿಚ್ಚು ಹೀಗೆ ಸಾಲಾಗಿ ನೋಡಬೇಕು. ಗ್ಯಾಸು ತೀರ ಕಡಿಮೆಯಾದಾಗ ಕಂಪ್ರೆಸರ್ ಸುಟ್ಟುಹೋಗದಿರಲೆಂದು ಪ್ರೆಶರ್ ಸ್ವಿಚ್ಚೇ ಕ್ಲಚ್ಚಿಗೆ ಕರೆಂಟು ತಪ್ಪಿಸುತ್ತದೆ. ಆ ಸ್ವಿಚ್ಚಿನ ಎರಡು ವೈರನ್ನು ನೇರ ಕೂಡಿಸಿ ‘ಸರಿಮಾಡಿದೆ’ ಎನ್ನುವುದು ಈ ಕಸುಬಿನ ಅತಿ ಕೆಟ್ಟ ಅಡ್ಡದಾರಿ. ಇನ್ನೂ ಒಂದು ಸಂಗತಿ ಅನೇಕರ ಕಣ್ಣಿಗೆ ತಪ್ಪುತ್ತದೆ. ಹೀಟರಿನ ಕಡೆಗೆ ಗಾಳಿ ತಿರುಗಿಸುವ ಒಳಗಿನ ರೆಕ್ಕೆ ಅರ್ಧದಲ್ಲಿ ಸಿಕ್ಕಿಕೊಂಡರೆ ಎ.ಸಿ. ಸರಿಯಾಗಿಯೇ ಇದ್ದು, ತಣಿದ ಗಾಳಿ ಎಂಜಿನ್ನಿನ ಬಿಸಿನೀರಿನ ಕಾಯಿಲಿನ ಮೇಲೆ ಹಾದು ಮತ್ತೆ ಬೆಚ್ಚಗಾಗಿ ಬರುತ್ತದೆ.

ಗೇಜು ಬರುವುದು ಇಷ್ಟೆಲ್ಲ ಆದ ಮೇಲೆ. ನೀಲಿ ಹೋಸು ಕಡಿಮೆ ಒತ್ತಡದ ಕಡೆಗೆ, ಕೆಂಪು ಹೋಸು ಹೆಚ್ಚು ಒತ್ತಡದ ಕಡೆಗೆ. ಆರ್-134ಎ ಇರುವ ಕಾರಿನಲ್ಲಿ ಬೇಸಿಗೆಯ ಹಗಲು ನೀಲಿ ಮುಳ್ಳು ಸುಮಾರು 30ರಿಂದ 45 ಪಿ.ಎಸ್.ಐ., ಕೆಂಪು ಮುಳ್ಳು 180ರಿಂದ 250ರೊಳಗೆ ನಿಂತರೆ ವ್ಯವಸ್ಥೆ ಹದದಲ್ಲಿದೆ. ಎರಡೂ ಇಳಿದಿದ್ದರೆ ಗ್ಯಾಸು ಸೋರಿದೆ. ಎರಡೂ ಏರಿದ್ದರೆ ಗ್ಯಾಸು ಹೆಚ್ಚಾಗಿದೆ, ಅಥವಾ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ. ನೀಲಿ ಏರಿ ಕೆಂಪು ಇಳಿದಿದ್ದರೆ ಕಂಪ್ರೆಸರಿನ ಒಳಗೆ ಸವೆತ. ನೀಲಿ ಮುಳ್ಳು ಸೊನ್ನೆಗೂ ಕೆಳಗೆ ಜಾರಿದರೆ ವಾಲ್ವು ಕಟ್ಟಿದೆ. ಆ ನಾಲ್ಕು ಜೋಡಿಗಳಲ್ಲಿ ಗ್ಯಾಸು ತುಂಬಿಸಬೇಕಾದ ಸಂದರ್ಭ ಒಂದೇ ಒಂದು. ಅದರಲ್ಲೂ ಸೋರಿಕೆ ಮುಚ್ಚಿದ ಮೇಲೆ.

ಸೋರಿಕೆಯ ಜಾಗವನ್ನು ಧೂಳೇ ತೋರಿಸಿಕೊಡುತ್ತದೆ. ಗ್ಯಾಸಿನ ಜೊತೆ ಒಂದಿಷ್ಟು ಎಣ್ಣೆಯೂ ಹೊರಬರುವುದರಿಂದ ಸೋರುವ ಜೋಡಣೆಯ ಸುತ್ತ ಜಿಡ್ಡಿನ ಮೇಲೆ ಮಣ್ಣು ಮೆತ್ತಿ ಕರಿ ಉಂಗುರವಾಗಿರುತ್ತದೆ. ಅದು ಕಾಣದಿದ್ದರೆ ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚುವುದು. ಅದಕ್ಕೂ ಸಿಗದಿದ್ದರೆ ಬಣ್ಣ ಬೆರೆಸಿ ನೇರಳೆ ದೀಪದಲ್ಲಿ ನೋಡುವುದು. ಓ-ರಿಂಗೋ ಹೋಸೋ ಬದಲಾಯಿಸಿ, ಡ್ರೈಯರ್ ಹೊಸದು ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆಯಬೇಕು. ಕನಿಷ್ಠ ಅರ್ಧ ಗಂಟೆಯ ಕೆಲಸ ಅದು. ಪಂಪು ನಿಲ್ಲಿಸಿದ ಮೇಲೆಯೂ ಮುಳ್ಳು ಅಲ್ಲಾಡದೆ ನಿಂತರೆ ಮಾತ್ರ ಗ್ಯಾಸು ತೂಗಿ ಬಿಡುವುದು. ಬಾಡಿಗೆ ಕಾದಿರುವ ಚಾಲಕನಿಗೆ ಈ ಅರ್ಧ ಗಂಟೆ ದಂಡ ಅನಿಸುತ್ತದೆ, ಮೆಕ್ಯಾನಿಕನಿಗೆ ಅದಕ್ಕೆ ಬೇರೆ ಕೂಲಿ ಸಿಗುವುದಿಲ್ಲ. ಅವಸರದಲ್ಲಿ ಮೊದಲು ಕೈಬಿಡುವ ಹಂತ ಇದೇ. ತಿಂಗಳೊಪ್ಪತ್ತಿನಲ್ಲಿ ಕಾರು ಅದೇ ಅಂಗಡಿಗೆ ಮರಳುವುದಕ್ಕೂ ಬಹುಪಾಲು ಇದೇ ಕಾರಣ. ಅಡುಗೆ ಗ್ಯಾಸಿನ ಜಾತಿಯ ಹೈಡ್ರೋಕಾರ್ಬನ್ ಬೆರಕೆಯನ್ನು ಅಗ್ಗವೆಂದು ತುಂಬುವ ಚಾಳಿಯೂ ಅಲ್ಲಲ್ಲಿ ಇದೆ. ಅದು ಚೆನ್ನಾಗಿಯೇ ತಂಪು ಕೊಡುತ್ತದೆ. ಆದರೆ ಕೂಲಿಂಗ್ ಕಾಯಿಲ್ ಸೋರಿದರೆ ಬೆಂಕಿ ಹತ್ತುವ ಗ್ಯಾಸು ಜನ ಕೂತ ಜಾಗಕ್ಕೇ ಬರುತ್ತದೆ. ಆರ್-134ಎಗೆ ಮಾಡಿದ ವ್ಯವಸ್ಥೆಯಲ್ಲಿ ಅದನ್ನು ತುಂಬುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆರ್-134ಎ ಓಜೋನಿಗೆ ನಿರಪಾಯ, ಹವಾಮಾನಕ್ಕಲ್ಲ. ಅದರ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. ಅದಕ್ಕಾಗಿ 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿಯಾಯಿತು. 2021ರಲ್ಲಿ ಭಾರತ ಅದನ್ನು ಅನುಮೋದಿಸಿತು. ಯುರೋಪಿನಲ್ಲಿ ಹೊಸ ಕಾರುಗಳಿಗೆ ಆಗಲೇ ಆರ್-1234ವೈಎಫ್ ಬಂದಾಗಿದೆ. ಹವಾಮಾನಕ್ಕೆ ಅದರ ಹೊರೆ ಅತ್ಯಲ್ಪ. ಬೆಲೆ ದುಬಾರಿ, ಸ್ವಲ್ಪ ಮಟ್ಟಿಗೆ ಉರಿಯುವ ಗುಣವೂ ಇದೆ. 2019ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹೊರತಂದ ತಂಪು ಕಾರ್ಯಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು.

ವಿದ್ಯುತ್ ಕಾರಿನಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಕಂಪ್ರೆಸರ್ ದೊಡ್ಡ ಬ್ಯಾಟರಿಯ ನೂರಾರು ವೋಲ್ಟಿನಲ್ಲಿ ಓಡುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಬರಿಗೈ ದೂರವಿಡಬೇಕು. ಆ ಕಂಪ್ರೆಸರಿಗೆ ವಿದ್ಯುತ್ ಹರಿಯಗೊಡದ ಎಣ್ಣೆ ಬೇಕು. ಮಾಮೂಲಿ ಪಿ.ಎ.ಜಿ. ಎಣ್ಣೆ ಸೇರಿದರೆ ಇನ್ಸುಲೇಷನ್ ಕೆಟ್ಟು ವಾಹನವೇ ದೋಷ ತೋರಿಸಿ ನಿಲ್ಲಬಹುದು. ಅಂಥ ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವುದೂ ಬಹುಮಟ್ಟಿಗೆ ಇದೇ ಗ್ಯಾಸಿನ ಕೆಲಸವಾದ್ದರಿಂದ ಎ.ಸಿ. ಕೆಟ್ಟರೆ ಪ್ರಯಾಣಿಕರಿಗೆ ಸೆಖೆಯಾಗುವುದಷ್ಟೇ ಅಲ್ಲ, ಚಾರ್ಜಿಂಗೂ ನಿಧಾನವಾಗುತ್ತದೆ.

ಇತ್ತೀಚಿನ ತಿರುವು ಲಾರಿಗಳದು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚು ತೂಕದ ಎಲ್ಲ ಸರಕು ವಾಹನಗಳ ಕ್ಯಾಬಿನ್ನಿಗೂ ಎ.ಸಿ. ಕಡ್ಡಾಯ. ಹೊಸಕೋಟೆಯಿಂದ ಹೊರಟ ಮೊದಲ ವೋಲ್ವೊ ಲಾರಿಗೂ ಈ ನಿಯಮಕ್ಕೂ ನಡುವೆ 27 ವರ್ಷ. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಕ್ವಾರಿಯ ಜಲ್ಲಿ ಹೊರುವ ಹೊಸ ಲಾರಿಗಳೂ ಇನ್ನು ಮುಂದೆ ಈ ಅಂಗಡಿಗಳ ಗಿರಾಕಿಗಳೇ. ಕಿಗಾಲಿ ತಿದ್ದುಪಡಿಯ ಪ್ರಕಾರ ಭಾರತದಲ್ಲಿ ಆರ್-134ಎ ಜಾತಿಯ ಗ್ಯಾಸಿನ ಬಳಕೆ 2028ರಲ್ಲಿ ಸ್ಥಗಿತಮಟ್ಟಕ್ಕೆ ಬಂದು, 2032ರಲ್ಲಿ ಮೊದಲ ಕಡಿತ ಶೇ. 10ರಷ್ಟಾಗಬೇಕು, 2047ರ ಹೊತ್ತಿಗೆ ಶೇ. 85ರಷ್ಟು ಇಳಿಯಬೇಕು. ಅಲ್ಲಿಯವರೆಗೆ ರಿಪೇರಿ ಅಂಗಡಿಗಳಲ್ಲಿ ಆರ್-134ಎ ಮತ್ತು ಅದರ ಮುಂದಿನ ಗ್ಯಾಸುಗಳ ಸಿಲಿಂಡರುಗಳು ಅಕ್ಕಪಕ್ಕದಲ್ಲೇ ಇರುತ್ತವೆ.